‘ರನ್’ ಕ್ರಿಯಾಪದದ ನಾನಾರ್ಥತೆ: ವೇಗವೋ, ಅವಿಚ್ಛಿನ್ನತೆಯೋ?

ಇಂಗ್ಲಿಷಿನ ‘ರನ್’ ಕ್ರಿಯಾಪದದ ನಾನಾರ್ಥಗಳನ್ನು ಪಠ್ಯಕೋಶದ ಆಧಾರದಿಂದ ವಿಶ್ಲೇಷಿಸಿದ ಸ್ಟೆಫಾನ್ ಗ್ರೀಸ್ (2006), ‘ಕಾಲ್ನಡೆಯ ಶೀಘ್ರ ಚಲನೆ’ಯನ್ನು ಅದರ ಮೂಲಮಾದರಿ ಅರ್ಥವೆಂದು ನಿರ್ಣಯಿಸುತ್ತಾರೆ. ಬಳಕೆಯ ಆವೃತ್ತಿಯೊಡನೆ ಇತರ ಪ್ರಮಾಣಗಳನ್ನೂ ಒಂದೆಡೆ ತಂದುದು ಈ ಅಧ್ಯಯನದ ಬಲ. ಆದರೆ ಕೇಂದ್ರಾರ್ಥದ ನಿರ್ಣಯವೊಂದರಿಂದಲೇ ಅರ್ಥವಿಸ್ತರಣೆಯ ಹೇತು ತಿಳಿಯದು. ‘ರನ್ ಎ ಶಾಪ್’ ಎಂಬಲ್ಲಿ ವೇಗವಿಲ್ಲ, ಉಳಿದಿರುವುದು ಅವಿಚ್ಛಿನ್ನತೆ. ಕನ್ನಡವು ಈ ನಿರ್ವಹಣೆಯ ಅರ್ಥವನ್ನು ‘ಓಡು’ ಧಾತುವಿನಿಂದಲ್ಲ, ‘ನಡೆ’ಯಿಂದ ಪಡೆಯುತ್ತದೆ: ಅಂಗಡಿ ನಡೆಯುತ್ತದೆ, ಅಂಗಡಿ ನಡೆಸುತ್ತಾಳೆ. ಮೇಲಾಗಿ, ಕನ್ನಡದಲ್ಲಿ ‘-ಇಸು’ ಪ್ರತ್ಯಯವು ಹೊರುವ ಪ್ರೇರಣಾರ್ಥವು ಇಂಗ್ಲಿಷಿನಲ್ಲಿ ರೂಪಭೇದವಿಲ್ಲದೆ ಸಕರ್ಮಕ ರಚನೆಯಲ್ಲಿಯೇ ಅಡಗಿದೆ. ಅದನ್ನು ಪದದ ಲೆಕ್ಕಕ್ಕೆ ಸೇರಿಸಿದರೆ ಅರ್ಥಗಳ ಸಂಖ್ಯೆ ಹಿಗ್ಗುತ್ತದೆ. ಆದ್ದರಿಂದ ಅರ್ಥಗಳನ್ನು ಎಣಿಸುವ ಮೊದಲು ಪದದ ಪಾಲೆಷ್ಟು, ರಚನೆಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸಬೇಕು.