ಚಿನ್ನದ ಗಣಿಯ ಕಥೆ ಯಾರದು?

ಕೋಲಾರದ ಚಿನ್ನದ ಗಣಿ ಎಂದೊಡನೆ ಇಂದಿನ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುವುದು ಒಂದು ಚಲನಚಿತ್ರ. ‘ಕೆ.ಜಿ.ಎಫ್.’ ಮೊದಲ ಭಾಗ ೨೦೧೮ರಲ್ಲಿ, ಎರಡನೆಯದು ೨೦೨೨ರಲ್ಲಿ ತೆರೆಗೆ ಬಂದು ಕನ್ನಡ ಚಿತ್ರಕ್ಕೆ ದೇಶಾದ್ಯಂತ ಹೆಸರು ತಂದವು. ಅದು ಸಂತೋಷದ ಸಂಗತಿಯೇ ಸರಿ. ಆದರೆ ಕೆ.ಜಿ.ಎಫ್. ಎಂಬುದು ಜನ ಬಾಳುತ್ತಿರುವ ಒಂದು ಊರಿನ ಹೆಸರೂ ಹೌದು. ಆದ್ದರಿಂದ ಆ ಕಥೆಯನ್ನು ಊರಿನ ಚರಿತ್ರೆಯ ಪಕ್ಕದಲ್ಲಿಟ್ಟು ನೋಡುವ ಹೊಣೆ ವಿಮರ್ಶಕನಿಗುಂಟು.

ಕಲ್ಪನೆಗೆ ಸ್ವಾತಂತ್ರ್ಯವಿದೆ, ಕಥೆಗಾರ ಚರಿತ್ರೆಯ ಗುಮಾಸ್ತನಲ್ಲ. ಚಿತ್ರದ ‘ನರಾಚಿ’ ಭೂಪಟದಲ್ಲಿ ಇಲ್ಲವೆಂಬುದು ನನ್ನ ಆಕ್ಷೇಪವಲ್ಲ. ಅಲ್ಲಿನ ಕೂಲಿಗಳನ್ನು ಕಂಡ ಬಗೆಯಲ್ಲಿ ನನಗೆ ಕೊರತೆ ತೋರುತ್ತದೆ. ಅವರು ಬಂದೂಕಿನ ಕಾವಲಿನಲ್ಲಿ ನರಳುವ ಗುಲಾಮರು. ಹೊರಗಿನಿಂದ ಬರುವ ವೀರನೊಬ್ಬನ ದಾರಿ ಕಾಯುವುದೇ ಅವರ ಪಾಲಿಗೆ ಬಂದ ಕೆಲಸ. ಊರೂರಿಗೂ ವೀರಗಲ್ಲು ನೆಟ್ಟ ನಾಡಿಗೆ ಇಂಥ ಕಥೆ ಹಿಡಿಸುವುದು ಸಹಜ. ಆದರೆ ನಿಜವಾದ ಗಣಿಯ ಕಾರ್ಮಿಕರು ಯಾರ ದಾರಿಯನ್ನೂ ಕಾಯುತ್ತ ಕೂರಲಿಲ್ಲ. ೧೯೩೦ರಲ್ಲಿ ಬೆರಳಚ್ಚು ತೆಗೆದು ಕೂಲಿಗಳನ್ನು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಒಟ್ಟಾಗಿ ಕೆಲಸ ನಿಲ್ಲಿಸಿದರು. ಆ ಮುಷ್ಕರದಲ್ಲಿ ಒಬ್ಬ ನಾಯಕನ ಪ್ರತಾಪಕ್ಕಿಂತ ದೊಡ್ಡ ನಾಟಕವಿದೆ. ಚಿತ್ರದ ಮುಖ್ಯ ಘಟನೆಗಳು ನಡೆಯುವ ೧೯೭೦ರ ದಶಕದ ಕೊನೆಯ ಹೊತ್ತಿಗೆ ಗಣಿಗೆ ಖಾಸಗಿ ಒಡೆಯನೂ ಇರಲಿಲ್ಲ. ೧೯೫೬ರಲ್ಲಿ ಮೈಸೂರು ಸರಕಾರ ಅದನ್ನು ವಹಿಸಿಕೊಂಡಿತು. ೧೯೬೨ರಲ್ಲಿ ಅದು ಕೇಂದ್ರದ ಕೈಸೇರಿತು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರಕಾರಿ ಸಂಸ್ಥೆಯಾಯಿತು.

ಸಿನಿಮಾ ಒಂದನ್ನೇ ದೂರಿ ಫಲವಿಲ್ಲ. ರೂಢಿಯ ಚರಿತ್ರೆಯೂ ದೊರೆಗಳ ಕಡೆಗೇ ವಾಲಿದೆ. ೧೮೦೨ರಲ್ಲಿ ಲೆಫ್ಟಿನೆಂಟ್ ವಾರನ್ ಚಿನ್ನದ ಸುಳಿವು ಹಿಡಿದದ್ದು, ೧೮೮೦ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, ೧೯೦೨ರಲ್ಲಿ ಶಿವನಸಮುದ್ರದಿಂದ ೧೪೦ ಕಿಲೋಮೀಟರಿಗೂ ಮೀರಿ ತಂತಿ ಎಳೆದು ವಿದ್ಯುತ್ತು ತಂದದ್ದು — ಇವು ಎಲ್ಲರ ಬಾಯಲ್ಲೂ ಇವೆ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಅದಕ್ಕೂ ಮೂರು ವರ್ಷ ತಡವಾಗಿ. ಆದರೆ ವಾರನ್ನನಿಗೆ ಚಿನ್ನವಿದ್ದ ಮಣ್ಣನ್ನು ತೋರಿಸಿಕೊಟ್ಟವರು ಆ ಸುತ್ತಿನ ಹಳ್ಳಿಗರು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ ಚಿನ್ನ ಬಂತೆಂದು ಲೆಕ್ಕ ಹೇಳುವವರು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಆ ಬೇಗೆಯಲ್ಲಿ ಬಂಡೆ ಒಡೆದವರನ್ನೂ, ಕಲ್ಲುಧೂಳು ಕುಡಿದು ಶ್ವಾಸಕೋಶ ಸವೆಸಿಕೊಂಡವರನ್ನೂ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (೧೯೯೮) ಈ ದಾರಿಯನ್ನು ಬಿಟ್ಟು ಕಾರ್ಮಿಕರ ಬದುಕನ್ನೇ ನಡುವೆ ಇಟ್ಟಿತು. ಅದು ಬಂದದ್ದು ಇಂಗ್ಲಿಷಿನಲ್ಲಿ.

ಕನ್ನಡದ ಮೌನಕ್ಕೆ ಒಂದು ಕಾರಣ ಭಾಷೆ ಎಂದು ನನ್ನ ಊಹೆ. ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳ ಕಡೆಯಿಂದ ಬಂದ ಆ ಜನರಲ್ಲಿ ಬಹುಪಾಲು ದಲಿತರು. ಮನೆಮಾತು ತಮಿಳು, ಕೆಲವರದು ತೆಲುಗು. ‘ಅವರು ನಮ್ಮವರಲ್ಲ’ ಎಂದು ನಾವು ಬಾಯಿಬಿಟ್ಟು ಹೇಳಲಿಲ್ಲ, ಬರೆಯದೆ ಇದ್ದುಬಿಟ್ಟೆವು. ತಮಿಳಿನಲ್ಲಿ ಪಾ. ರಂಜಿತ್ ೨೦೨೪ರಲ್ಲಿ ‘ತಂಗಲಾನ್’ ಎಂಬ ಚಿತ್ರ ಮಾಡಿ ಕೂಲಿಯವನನ್ನೇ ಕಥಾನಾಯಕನನ್ನಾಗಿಸಿದರು. ಅದರಲ್ಲಿ ಮಾಯೆಮಂತ್ರ ಹೆಚ್ಚಾಗಿ ದುಡಿಮೆಯ ವಿವರ ಮಸುಕಾಯಿತು; ಆದರೂ ನೋಟ ನೆಟ್ಟದ್ದು ಸರಿಯಾದ ಕಡೆಗೆ.

ಎರಡು ಚಿತ್ರಗಳೂ ಗಣಿ ಮುಚ್ಚಿದ ಮೇಲಿನ ಬಾಳಿಗೆ ಬರುವುದಿಲ್ಲ. ನಮ್ಮ ಚಿತ್ರದ ನಾಯಕ ಚಿನ್ನದೊಡನೆ ಕಡಲಿನಲ್ಲಿ ಮುಳುಗುತ್ತಾನೆ. ನಿಜವಾದ ಊರಿಗೆ ಅಂಥ ಭವ್ಯ ಮುಕ್ತಾಯ ದೊರಕಲಿಲ್ಲ. ೨೦೦೧ರ ಫೆಬ್ರವರಿ ೨೮ರಂದು ಗಣಿ ನಿಂತಿತು. ಸುರಂಗಗಳಲ್ಲಿ ನೀರು ತುಂಬಿತು. ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳು ಹಾಗೆಯೇ ಉಳಿದವು. ಗಣಿಯವರ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ನೌಕರಿಗೆ ಹೋಗಿ ರಾತ್ರಿ ಮರಳುವವರಾದರು. ಕಾದಂಬರಿಕಾರನಿಗೆ ಬೇಕಾದ ವಸ್ತು ಆ ರೈಲಿನಲ್ಲಿದೆ.

ಇದು ಕೋಲಾರದವರ ಚಿಂತೆ ಎಂದು ನಮ್ಮ ಕಡೆಯವರು ಸುಮ್ಮನಿರುವಂತಿಲ್ಲ. ನಾನಿರುವುದು ಹರಪನಹಳ್ಳಿ ಸೀಮೆಯ ಅರಸೀಕೆರೆಯಲ್ಲಿ. ಸಂಡೂರು, ಹೊಸಪೇಟೆಗಳ ಅದಿರಿನ ಸುದ್ದಿ ನಮಗೆ ನೆರೆಮನೆಯ ಸುದ್ದಿ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಕಬ್ಬಿಣದ ಗಣಿಗಳನ್ನು ತಡೆದಾಗ, ದೊಡ್ಡವರ ಹೆಸರುಗಳು ಪತ್ರಿಕೆಗಳ ತುಂಬ ಬಂದವು. ಅಂದು ಕೆಲಸ ಕಳೆದುಕೊಂಡ ಲಾರಿ ಕ್ಲೀನರನ, ಅದಿರು ಹೊತ್ತ ಹೆಂಗಸಿನ ಹೆಸರು ಎಲ್ಲಿ ದಾಖಲಾಗಿದೆ? ಅಲ್ಲಿ ಗಣಿಗಾರಿಕೆ ಮತ್ತೆ ನಡೆದಿದೆ. ಆದರೆ ಅದಿರು ಎಂದಾದರೂ ಮುಗಿಯುವ ವಸ್ತು. ನಮ್ಮ ಕನ್ನಡ ಎಂ.ಎ. ವಿದ್ಯಾರ್ಥಿಗಳು ಹಾಡು, ಗಾದೆಗಳನ್ನು ಕೂಡಿಸುವ ಶ್ರದ್ಧೆಯಲ್ಲಿ ಒಂದು ಪಾಲನ್ನು ಈ ಜನರ ಮಾತು ಬರೆದುಕೊಳ್ಳುವುದಕ್ಕೆ ಕೊಡಲಿ. ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ.