ಬಂದೂಕು ಯಾರ ಕೈಲಿದೆ?

ಕೃಷ್ಣರಾಜ ಮಾರುಕಟ್ಟೆಯಿಂದ ರವೀಂದ್ರ ಕಲಾಕ್ಷೇತ್ರಕ್ಕೆ ನಡೆದು ಹೋದರೆ ದೂರವೇನಿಲ್ಲ. ಆದರೆ ಮಾರುಕಟ್ಟೆಯಲ್ಲಿ ಮೂಟೆ ಹೊರೋನಿಗೂ ಆ ರಂಗಮಂದಿರದ ಮೆಟ್ಟಿಲಿಗೂ ಇರುವ ದೂರವನ್ನ ನಮ್ಮ ವಿಮರ್ಶಕರು ಅಳೆದಿಲ್ಲ. ಹಾಡಿ ಕುಣಿದು ಆಳುವವರನ್ನ ಗೇಲಿ ಮಾಡಿದ ರಂಗಭೂಮಿಯನ್ನ ಹೊಗಳುವ ಮುಂಚೆ ಈ ದೂರ ನೆನಪಿರಲಿ.

ಗೇಲಿ ನಮಗೆ ಹೊಸದಲ್ಲ. ದೊಡ್ಡಾಟದಲ್ಲಿ ರಾಜ ಕಿರೀಟ ಇಟ್ಟು ಅಬ್ಬರಿಸಿ ಬಂದರೆ ಸಾರಥಿ ಆಡುಮಾತಲ್ಲಿ 'ನೀನ್ಯಾರಪ್ಪ' ಅಂತ ಕೇಳ್ತಾನೆ. ರಾಜ ತನ್ನ ಹೆಸರು, ಊರು ಹೇಳಲೇಬೇಕು. ಪ್ರಭುತ್ವಕ್ಕೆ ಹೆದರಿಕೆ ಇರೋದು ಈ ಪ್ರಶ್ನೆಯದು. ಬಂಗಾಳದ ನಾಟಕಗಳು ಬಿಳಿಯರನ್ನೂ ಅವರ ಬಾಲಬಡುಕರನ್ನೂ ಚುಚ್ಚಿದಾಗ 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ಬಂತು. ಬಿಳಿಯರು 1947ರಲ್ಲಿ ಹೋದರು. ಕಾಯ್ದೆ ಕಡತದಿಂದ ಹೋದದ್ದು 2018ರಲ್ಲಿ. ನಡುವೆ 1964ರಲ್ಲಿ ನಮ್ಮ ರಾಜ್ಯ ತನ್ನದೇ ಒಂದು ಕಾಯ್ದೆಯನ್ನೂ ಮಾಡಿಕೊಂಡಿತು. ನಗುವಿಗೆ ಹೆದರೋದರಲ್ಲಿ ಕರಿಯ ದೊರೆ, ಬಿಳಿ ದೊರೆ ಅಂತ ಭೇದವಿಲ್ಲ.

1857ರಲ್ಲಿ ಆಯುಧ ಒಪ್ಪಿಸಿ ಅಂದಾಗ ಮುಧೋಳ ಸೀಮೆಯ ಹಲಗಲಿ ಬೇಡರು ತಿರುಗಿಬಿದ್ದರು. ಊರು ಸುಟ್ಟಿತು, ಬೇಡರು ನೇಣಿಗೇರಿದರು. ಇತಿಹಾಸದ ಪುಸ್ತಕಗಳು ಬರೆಯುವ ಮೊದಲೇ ಲಾವಣಿಕಾರರು ಇದನ್ನ ಹಾಡಿದರು. ಅದನ್ನ ಅಚ್ಚು ಹಾಕಿಸಿದ್ದು ಅದೇ ಸರಕಾರದ ಅಧಿಕಾರಿ ಜೆ.ಎಫ್. ಫ್ಲೀಟ್, 1880ರ ದಶಕದಲ್ಲಿ. ಆದಾಯ ತೆರಿಗೆ ಮೇಲೆ ಜನ ಕಟ್ಟಿದ ಲಾವಣಿಯನ್ನೂ ಅವನು ಸಂಗ್ರಹಿಸಿದ. ಜಾತ್ರೆಯಲ್ಲಿ ಡಪ್ಪಿನ ಜೊತೆ ಇದ್ದಾಗ ಅದು ಕೆಂಡ. ದೊರೆಯ ಪುಸ್ತಕ ಸೇರಿದ ಮೇಲೆ ಅದು ಮಾದರಿ ಸಾಮಾನು. ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳೂ ಬಹಳ ಸಲ ಫ್ಲೀಟನ ಕೆಲಸವನ್ನೇ ಮುಂದುವರಿಸಿವೆ.

ಇನ್ನು 1972ರ 'ಜೋಕುಮಾರಸ್ವಾಮಿ'ಗೆ ಬನ್ನಿ. ಕಂಬಾರರು ಬಯಲಾಟದ ಹಾಡು, ಕುಣಿತ, ಪೋಲಿ ನಗೆ ಎಲ್ಲವನ್ನೂ ಗೌಡನ ಮೇಲೆ ತಿರುಗಿಸಿದರು. ಇಲ್ಲಿ ಬಂದೂಕು ಗೌಡನ ಕೈಲಿದೆ. ಬೇಡರಿಂದ ಬಿಳಿಯ ಕಿತ್ತ ಆಯುಧ ಸ್ವಾತಂತ್ರ್ಯ ಬಂದ ಮೇಲೆ ಎಲ್ಲಿಗೆ ಹೋಯ್ತು ಅನ್ನೋದಕ್ಕೆ ನನಗೆ ಸಿಕ್ಕ ಉತ್ತರ ಇದು. ಮಕ್ಕಳಾಗದ ಗೌಡನ ಗಂಡಸುತನವನ್ನ ನಾಟಕ ಬೀದಿಗೆಳೆಯುತ್ತೆ. ಇಷ್ಟು ಧೈರ್ಯದ ನಗು ನಮ್ಮ ರಂಗಭೂಮಿಯಲ್ಲಿ ಕಡಿಮೆ.

ಆದರೂ ನನ್ನ ತಕರಾರಿದೆ. ಉತ್ತವನಿಗೇ ಹೊಲ ಅನ್ನೋ ಬಸಣ್ಣ ಜೋಕುಮಾರನ ಹಾಗೆ ಸಾಯ್ತಾನೆ, ಗೌಡತಿಯ ಬಸಿರಲ್ಲಿ ಉಳೀತಾನೆ. ಕೊಲೆ ಇಲ್ಲಿ ಆಚರಣೆಯಾಗುತ್ತೆ. ಮಳೆ ಬೆಳೆಯ ಮಾತಲ್ಲಿ ಸಿಟ್ಟು ತಣ್ಣಗಾಗುತ್ತೆ. ಹುಟ್ಟೋ ಕೂಸು ಗೌಡನ ಹೆಸರಲ್ಲೇ ಬೆಳೆಯುತ್ತೆ. ಹೊಲ? ಅದು ಗೌಡನ ಮನೆಯಲ್ಲೇ ಉಳಿಯುತ್ತೆ.

ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನ ಸುಟ್ಟಿದ್ದು ಯಾವ ಆಚರಣೆಯೂ ಆಗಿರಲಿಲ್ಲ. 'ಸಮುದಾಯ' ತಂಡ 'ಬೆಲ್ಚಿ'ಯನ್ನ ಬೀದಿಗೆ ತಂದಾಗ ಪರದೆ ಇರಲಿಲ್ಲ, ಟಿಕೀಟಿರಲಿಲ್ಲ. ಸಾವನ್ನ ಸಾವು ಅಂತಲೇ ತೋರಿಸಿತು. ಕಂಬಾರರ ಹಾಡಿಗೆ ಬೆಲ್ಚಿಯ ನಿಷ್ಠುರ ಬೇಕು, ಬೆಲ್ಚಿಗೆ ಆ ಹಾಡಿನ ನಗು ಬೇಕು. ಎರಡೂ ಕೂಡೋ ನಾಟಕ ನಮಗೆ ಬೇಕಾಗಿದೆ.

ಗೆಳೆಯರೇ, ಹೋದ ದೊರೆಯನ್ನ ಗೇಲಿ ಮಾಡೋದು ಸಲೀಸು, ಚಪ್ಪಾಳೆಯೂ ಬೀಳುತ್ತೆ. ನಾಟಕ ಶುರುವಾಗೋ ಮುಂಚೆ ತಮಟೆ ಬಡಿದು ಜನ ಸೇರಿಸಿದವನು ನಾಟಕದೊಳಗೆ ಏನಾಗಿದ್ದಾನೆ ನೋಡಿ. ಅವನು ಬರೀ ಸದ್ದಾಗಿದ್ದರೆ ಆ ಬಂಡಾಯ ಅರ್ಧ. ಅವನೇ ಸಾರಥಿಯಾಗಿ ಇದ್ದೂರ ಗೌಡನನ್ನ 'ನೀನ್ಯಾರಪ್ಪ' ಅಂತ ಕೇಳಬೇಕು. ಅದನ್ನ ಮಾರುಕಟ್ಟೆಯ ಮೂಟೆಯವನು ಮೂಟೆ ಇಳಿಸಿ ನಿಂತು ನೋಡಬೇಕು.