ಇಟ್ಟಿಗೆಯ ವ್ಯೋಮನೌಕೆ: ಅನುಕರಣೆಗೂ ರಚನೆಗೂ ನಡುವಿನ ಒಂದು ಪಂಥ

ದೂರದರ್ಶನದ ವೈಜ್ಞಾನಿಕ ಕಥಾಸರಣಿಗಳಲ್ಲಿ ಹಾರಾಡಿದ ವ್ಯೋಮನೌಕೆಗಳನ್ನು, ಕಂಪನಿ ಕೊಡುವ ಸಿದ್ಧ ನಕ್ಷೆಯನ್ನು ಅವಲಂಬಿಸದೆ, ಲೆಗೊ ಇಟ್ಟಿಗೆಗಳಿಂದ ತಮ್ಮದೇ ವಿನ್ಯಾಸದಲ್ಲಿ ಕಟ್ಟುವ ಹವ್ಯಾಸವು ಈಗ ಪಂಥವೆನ್ನಬಹುದಾದಷ್ಟು ಬೆಳೆದಿದ್ದು, ತನ್ನದೇ ತಂತ್ರಗಳನ್ನೂ ಪರಿಭಾಷೆಯನ್ನೂ ಗುಣದೋಷ ನಿರ್ಣಯದ ಅಳತೆಗೋಲುಗಳನ್ನೂ ರೂಪಿಸಿಕೊಂಡಿದೆ. ಇದನ್ನು ಮಕ್ಕಳ ಆಟವೆಂದು ತಳ್ಳಿಹಾಕುವುದೂ, ಇಟ್ಟಿಗೆಗಳ ಸಂಖ್ಯೆ ಕೇಳಿ ಬೆರಗಾಗುವುದೂ ವಿಮರ್ಶೆಯಾಗಲಾರದು. ಬೇರೆಯವರು ಕಲ್ಪಿಸಿದ ನೌಕೆಯನ್ನು ಮತ್ತೊಬ್ಬರು ಮತ್ತೊಂದು ಸಾಮಗ್ರಿಯಲ್ಲಿ ಕಟ್ಟಿದಾಗ ಅದರಲ್ಲಿ ಹೊಸದಾಗಿ ಹುಟ್ಟುವುದೇನು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಗೆ ತಕ್ಕ ಅಳತೆಗೋಲು ಕನ್ನಡನಾಡಿನಲ್ಲಿಯೇ ದೊರೆಯುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ, ಇಂದು ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡದ ನೇಮಿನಾಥ ಬಸದಿಯಲ್ಲಿ 96 ಬಿಂಬಗಳುಳ್ಳ ಪಂಚಲೋಹದ ಕಿರುಮಂದಿರವೊಂದಿದೆ. ಕಟ್ಟಡವನ್ನು ಕುಗ್ಗಿಸಿ ಕಾಣುವ ಈ ದೃಷ್ಟಿ ಲೋಹಶಿಲ್ಪಕ್ಕಷ್ಟೇ ಸೀಮಿತವಾಗಿರದೆ, ಕರ್ನಾಟ ದ್ರಾವಿಡ ಶೈಲಿಯ ಶಿಖರಗಳ ರಚನಾಕ್ರಮವೇ ಆಗಿತ್ತು. ಮೂಲೆಗಳಲ್ಲಿ ನಿಲ್ಲುವ ಚೌಕಾಕಾರದ ‘ಕೂಟ’, ನಡುವಿನ ಉದ್ದನೆಯ ‘ಶಾಲಾ’, ಅವುಗಳ ನಡುವೆ ಸೇರುವ ಲಾಳದಾಕಾರದ ಮುಖದ ‘ಪಂಜರ’ ಎಂಬ ಪುಟ್ಟ ಗುಡಿಗಳನ್ನೇ ಸಾಲುಸಾಲಾಗಿ, ಅಂತಸ್ತಿನ ಮೇಲೆ ಅಂತಸ್ತಾಗಿ ಜೋಡಿಸಿ ದೊಡ್ಡ ಗುಡಿಯನ್ನು ರೂಪಿಸುವುದು ಆ ಶೈಲಿಯ ಪದ್ಧತಿ. ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯಲ್ಲಿ, 1112ರ ಇಟಗಿಯ ಮಹಾದೇವ ಗುಡಿಯಲ್ಲಿ ಗೋಡೆಯ ಮೇಲೂ ಇಂಥ ಕಿರುಶಿಖರಗಳು ಮೂಡಿದ್ದು, ಅವು ಯಾವುದೋ ಒಂದು ನಿರ್ದಿಷ್ಟ ದೇವಾಲಯದ ಪಡಿಯಚ್ಚುಗಳಾಗಿರದೆ ದೇವಾಲಯ ಪ್ರಕಾರಗಳ ನಿರೂಪಣೆಗಳಾಗಿವೆ. ಘಟಕವು ಇಡಿಯಲ್ಲಿ ಕರಗಿಹೋಗದೆ ಎದ್ದು ಕಾಣುತ್ತಲೇ ಇಡಿಯನ್ನು ಕಟ್ಟಬೇಕು ಮತ್ತು ಕಿರುರೂಪವು ಮೂಲವನ್ನು ನಕಲು ಮಾಡದೆ ಮರುಚಿಂತಿಸಬೇಕು ಎಂಬ ಎರಡು ತತ್ವಗಳನ್ನು ಈ ಪರಂಪರೆಯಿಂದ ಪಡೆಯಬಹುದು. ಇಟ್ಟಿಗೆಯ ನೌಕೆಗಳನ್ನೂ ಇವುಗಳಿಂದಲೇ ಅಳೆಯುವುದು ಉಚಿತ.

ಮೊದಲು ಘಟಕದ ಸ್ವಭಾವವನ್ನು ನೋಡಬೇಕು. ಡೆನ್ಮಾರ್ಕಿನ ಬಿಲ್ಲುಂಡಿನಲ್ಲಿ 1932ರಲ್ಲಿ ಆರಂಭವಾದ ಮರದ ಆಟಿಕೆಗಳ ಸಂಸ್ಥೆ 1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಹೊರತಂದಿತು. ಮೇಲ್ಮೈಯ ಉರುಟು ಉಬ್ಬುಗಳು, ಅಂದರೆ ಸ್ಟಡ್‌ಗಳು, ಮತ್ತೊಂದು ಇಟ್ಟಿಗೆಯ ಒಳಗಿನ ಕೊಳವೆಗಳ ನಡುವೆ ಬಿಗಿಯಾಗಿ ಕೂರುವ ಇಂದಿನ ವ್ಯವಸ್ಥೆಗೆ ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದು 1958ರ ಜನವರಿ 28ರಂದು. ಎರಡು ಸ್ಟಡ್‌ಗಳ ಕೇಂದ್ರಗಳ ನಡುವಿನ ಅಂತರ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ‘ಪ್ಲೇಟ್’ ಎಂಬ ತೆಳು ಘಟಕದ ಎತ್ತರ 3.2 ಮಿಲಿಮೀಟರ್. ಐದು ಪ್ಲೇಟ್‌ಗಳ ಎತ್ತರವೂ ಎರಡು ಸ್ಟಡ್‌ಗಳ ಅಗಲವೂ 16 ಮಿಲಿಮೀಟರಿಗೆ ಸರಿಹೋಗುವುದರಿಂದ ಇಟ್ಟಿಗೆಯನ್ನು ಮಗ್ಗುಲಾಗಿ, ತಲೆಕೆಳಗಾಗಿ ತಿರುಗಿಸಿ ಕಟ್ಟಿದರೂ ಲೆಕ್ಕ ತಪ್ಪುವುದಿಲ್ಲ. ಸ್ಟಡ್‌ಗಳು ಮೇಲ್ಮುಖವಾಗಿಯೇ ಇರಬೇಕೆಂಬ ಕಟ್ಟನ್ನು ಮುರಿಯುವ, ಕಟ್ಟುಗರು ‘ಸ್ನಾಟ್’ ಎಂದು ಕರೆಯುವ ತಂತ್ರ ನಿಂತಿರುವುದು ಈ ಅನುಪಾತದ ಮೇಲೆ. ನುಣುಪಾದ ಹೊರಮೈ, ಬಾಗಿದ ಅಂಚು, ಗೋಳ ಮುಂತಾದ ಯಾವುದೂ ಇದಿಲ್ಲದೆ ಸುಲಭಸಾಧ್ಯವಲ್ಲ.

ಈ ಘಟಕಕ್ಕೆ ಎಲ್ಲ ನೌಕೆಗಳೂ ಸಮಾನವಾಗಿ ಒಗ್ಗುವುದಿಲ್ಲ. 1966ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಸರಣಿಗೆ ಮ್ಯಾಟ್ ಜೆಫರೀಸ್ ವಿನ್ಯಾಸಗೊಳಿಸಿದ ‘ಎಂಟರ್‌ಪ್ರೈಸ್’ ನೌಕೆಯಲ್ಲಿ ತಟ್ಟೆಯಾಕಾರದ ಮುಂಭಾಗ, ಉರುಳೆಯಂಥ ಕೆಳಭಾಗ, ತೆಳುವಾದ ಆಸರೆಗಳ ತುದಿಯಲ್ಲಿ ಎರಡು ಎಂಜಿನ್ನುಗಳಿವೆ. ವಸ್ತುಗಳು ತೂಕವಿಲ್ಲದೆ ತೇಲುವ ಬಾಹ್ಯಾಕಾಶಕ್ಕಾಗಿ ಕಲ್ಪಿಸಿದ ಈ ಆಕಾರವನ್ನು ಗುರುತ್ವವಿರುವ ಮೇಜಿನ ಮೇಲೆ ಇಟ್ಟಿಗೆಯಿಂದ ಕಟ್ಟಿದಾಗ ಎಂಜಿನ್ನುಗಳ ಭಾರಕ್ಕೆ ಆಸರೆಗಳು ಜೋಲುತ್ತವೆ, ಚೌಕಾಕಾರದ ಘಟಕಗಳಿಂದ ಕಟ್ಟಿದ ತಟ್ಟೆಯ ಅಂಚು ಮೆಟ್ಟಿಲುಮೆಟ್ಟಿಲಾಗುತ್ತದೆ. ಇದಕ್ಕೆ ಪ್ರತಿಯಾಗಿ, 1975ರ ಬ್ರಿಟಿಷ್ ಸರಣಿ ‘ಸ್ಪೇಸ್: 1999’ಕ್ಕೆ ಬ್ರಯನ್ ಜಾನ್ಸನ್ ರೂಪಿಸಿದ ‘ಈಗಲ್’ ನೌಕೆಯು ಸರಳುಗಳ ಹಂದರ, ಅದರ ನಡುವೆ ಕಳಚಿ ಜೋಡಿಸಬಹುದಾದ ಕೋಣೆ, ನಾಲ್ಕು ಮೂಲೆಗಳಲ್ಲಿ ಕಾಲುಗಳು ಎಂಬ ಸ್ಪಷ್ಟ ಅಂಗವಿಭಜನೆಯುಳ್ಳದ್ದಾದ್ದರಿಂದ ಇಟ್ಟಿಗೆಯ ಸ್ವಭಾವಕ್ಕೆ ತಾನಾಗಿ ಒಪ್ಪುತ್ತದೆ. ಹಾಗೆಂದು ಈಗಲ್ ಕಟ್ಟಿದವರು ಹೆಚ್ಚಿನ ಕಲಾವಿದರೆಂದಲ್ಲ. ಎಂಟರ್‌ಪ್ರೈಸ್ ಕಟ್ಟುವವರು ತಟ್ಟೆಯನ್ನು ಹಲವು ತ್ರಿಕೋನ ಹೋಳುಗಳಾಗಿ ವಿಭಜಿಸಿ ಕೀಲುಗಳಿಂದ ಸುತ್ತಲೂ ಜೋಡಿಸುವಾಗ, ಮೂಲ ವಿನ್ಯಾಸಕಾರರು ಎದುರಿಸಿರದ ಸಮಸ್ಯೆಯೊಂದನ್ನು ಬಿಡಿಸುತ್ತಾರೆ. ಈ ಪಂಥದ ಸೃಜನಶೀಲತೆ ಇರುವುದು ಇಂಥ ಪರಿಹಾರಗಳಲ್ಲಿ.

ಪ್ರಮಾಣದ ಆಯ್ಕೆಯೂ ಅಷ್ಟೇ ನಿರ್ಣಾಯಕ. ಕಥೆಯಲ್ಲಿ ಎಂಟರ್‌ಪ್ರೈಸ್ ನೌಕೆಯ ಉದ್ದ 289 ಮೀಟರ್. ಸುಮಾರು 4 ಸೆಂಟಿಮೀಟರ್ ಎತ್ತರದ ಲೆಗೊ ಗೊಂಬೆಗೆ ಹೊಂದುವಂತೆ ಕಟ್ಟಹೊರಟರೆ ಮಾದರಿಯೇ ಸುಮಾರು ಏಳು ಮೀಟರ್ ಉದ್ದವಾಗುತ್ತದೆ. ಈ ಪಂಥದಲ್ಲಿ ದೊಡ್ಡ ನೌಕೆಯೆನಿಸಿಕೊಳ್ಳಲು ಕನಿಷ್ಠ 100 ಸ್ಟಡ್ ಉದ್ದ ಬೇಕೆಂಬ ರೂಢಿಯಿದ್ದು, ಆ 80 ಸೆಂಟಿಮೀಟರಿನ ಮಾದರಿಯಲ್ಲಿ ಒಂದು ಪ್ಲೇಟಿನ ದಪ್ಪವು ಮೂಲ ನೌಕೆಯ ಒಂದು ಮೀಟರಿಗೂ ಹೆಚ್ಚಿನ ಅಳತೆಗೆ ಸಮನಾಗುತ್ತದೆ. ಅಂದರೆ ಕಿಟಕಿಯನ್ನೋ ಬಾಗಿಲನ್ನೋ ಯಥಾವತ್ತಾಗಿ ತೋರಿಸಲಾಗದೆ, ಯಾವುದನ್ನು ಬಿಡಬೇಕು, ಯಾವುದನ್ನು ಸೂಚಿಸಬೇಕು ಎಂದು ಕಟ್ಟುಗರು ನಿರ್ಧರಿಸಲೇಬೇಕು. ಸಣ್ಣ ಮಾದರಿಗಳು ಹಲವೊಮ್ಮೆ ದೊಡ್ಡವುಗಳಿಗಿಂತ ಹೆಚ್ಚು ತೃಪ್ತಿ ಕೊಡುವುದು ಈ ಆಯ್ಕೆಯ ಅನಿವಾರ್ಯತೆಯಿಂದಲೇ. ಗಾತ್ರ ಹೆಚ್ಚಿದಂತೆ ವಿವೇಚನೆಯ ಜಾಗವನ್ನು ಸಂಗ್ರಹ ಆಕ್ರಮಿಸುತ್ತದೆ.

ಮೂಲಕ್ಕೆ ನಿಷ್ಠೆ ಎಂಬ ಆದರ್ಶವನ್ನೂ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸಬೇಕು. 1965ರ ‘ಥಂಡರ್‌ಬರ್ಡ್ಸ್’ ಸರಣಿಗೆ ದುಡಿದ ಡೆರೆಕ್ ಮೆಡಿಂಗ್ಸ್ ಮತ್ತು ಸಂಗಡಿಗರು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮಾದರಿಗಳ ಬಿಡಿಭಾಗಗಳನ್ನು ಅಂಟಿಸಿ ತಮ್ಮ ಯಂತ್ರಗಳಿಗೆ ವಿವರಗಳನ್ನು ತುಂಬುತ್ತಿದ್ದರು. ಹೀಗೆ ಮೂಲ ನೌಕೆಗಳೇ ಬೇರೆ ವಸ್ತುಗಳ ತುಣುಕುಗಳಿಂದ ಹುಟ್ಟಿದ್ದವು. 1990ರ ದಶಕದ ‘ಬ್ಯಾಬಿಲಾನ್ 5’ ಸರಣಿಯ ನೌಕೆಗಳಾದರೋ ಕಂಪ್ಯೂಟರಿನಲ್ಲಿಯೇ ರೂಪುಗೊಂಡವಾದ್ದರಿಂದ ಅವುಗಳಿಗೆ ಚಿತ್ರೀಕರಣದ ಮಾದರಿಯೆಂಬ ದೇಹವೇ ಇರಲಿಲ್ಲ. ಇಟ್ಟಿಗೆಯಲ್ಲಿ ಕಟ್ಟಿದಾಗಲೇ ಅವು ತೂಕ ಪಡೆಯುತ್ತವೆ. ಆದ್ದರಿಂದ ಹೊರಮೈಯ ತುಂಬ ‘ಗ್ರೀಬಲ್’ ಎನ್ನುವ ಸಣ್ಣಪುಟ್ಟ ಯಂತ್ರಾಲಂಕಾರಗಳನ್ನು ಮೆತ್ತಿ ಪರದೆಯ ಚಿತ್ರಕ್ಕೆ ಹತ್ತಿರವಾದೆವೆಂದು ಭಾವಿಸುವುದು ಭ್ರಮೆ. ಅಲಂಕಾರವು ಅಂಗವಿಭಜನೆಯನ್ನು ಸ್ಪಷ್ಟಪಡಿಸಿದರೆ ಗುಣ, ಮುಚ್ಚಿಹಾಕಿದರೆ ದೋಷ. ಈ ದೋಷ ಇಂದಿನ ರಚನೆಗಳಲ್ಲಿ ಸಾಮಾನ್ಯವಾಗಿದೆ.

ಡಿಜಿಟಲ್ ಸಾಧನಗಳು ಈ ಪಂಥಕ್ಕೆ ವರವೂ ಹೌದು, ಪರೀಕ್ಷೆಯೂ ಹೌದು. ಆಸ್ಟ್ರೇಲಿಯಾದ ಜೇಮ್ಸ್ ಜೆಸಿಮನ್ 1995ರಲ್ಲಿ ಆರಂಭಿಸಿದ ‘ಎಲ್‌ಡ್ರಾ’ ವ್ಯವಸ್ಥೆಯು ಪ್ರತಿ ಘಟಕವನ್ನೂ ಕಂಪ್ಯೂಟರಿನಲ್ಲಿ ಇಟ್ಟು ಜೋಡಿಸುವ ದಾರಿ ತೆರೆಯಿತು; 2000ದಲ್ಲಿ ಹುಟ್ಟಿ 2019ರಲ್ಲಿ ಲೆಗೊ ಸಂಸ್ಥೆಯ ಪಾಲಾದ ‘ಬ್ರಿಕ್‌ಲಿಂಕ್’ ಮಾರುಕಟ್ಟೆಯು ಬೇಕಾದ ಬಣ್ಣದ, ಬೇಕಾದಷ್ಟೇ ಬಿಡಿ ಇಟ್ಟಿಗೆಗಳನ್ನು ಕೊಳ್ಳುವ ಅನುಕೂಲ ಕೊಟ್ಟಿತು. ಆದರೆ ತೆರೆಯ ಮೇಲೆ ಯಾವ ಆಸರೆಯೂ ಜೋಲುವುದಿಲ್ಲ, ಯಾವ ಜೋಡಣೆಯೂ ಕಳಚುವುದಿಲ್ಲ. ಶಹಾಬಾದಿನ ಫರಸಿ ಕಲ್ಲು ಪದರಪದರವಾಗಿ ಏಳುವುದನ್ನು ಕೈಯಾರೆ ಬಲ್ಲ ಕಲ್ಲುಕುಟಿಗರಂತೆ, ಇಟ್ಟಿಗೆಯ ಹಿಡಿತ ಎಷ್ಟು ತೂಕ ತಾಳುತ್ತದೆಂಬುದನ್ನು ಕಟ್ಟುಗರು ಕೈಯಾರೆ ತಿಳಿದಿರಬೇಕು. ಆ ತಿಳಿವಿಲ್ಲದ ನಕ್ಷೆಯನ್ನು ಕರಡೆಂದು ಒಪ್ಪಬಹುದು, ಕೃತಿಯೆಂದು ಒಪ್ಪಲಾಗದು.

ಈ ಪಂಥಕ್ಕೆ ಇನ್ನೊಂದು ಕವಲೂ ಇದೆ. 1978ರಲ್ಲಿ ಲೆಗೊ ಸಂಸ್ಥೆ ತನ್ನದೇ ಬಾಹ್ಯಾಕಾಶ ಸರಣಿಯನ್ನು ಆರಂಭಿಸಿದಾಗ ಯಾವ ಚಲನಚಿತ್ರದ, ಯಾವ ಧಾರಾವಾಹಿಯ ಹಂಗೂ ಅದಕ್ಕಿರಲಿಲ್ಲ. 1979ರ ‘ಗ್ಯಾಲಕ್ಸಿ ಎಕ್ಸ್‌ಪ್ಲೋರರ್’ ನೌಕೆಯ ನೀಲಿ, ಬೂದು ಬಣ್ಣಗಳೂ ಪಾರದರ್ಶಕ ಹಳದಿಯ ಗಾಜುಗಳೂ ಇಟ್ಟಿಗೆಯಿಂದಲೇ ಹುಟ್ಟಿದ ರೂಪವೊಂದನ್ನು ಸ್ಥಾಪಿಸಿದವು. 1999ರಲ್ಲಿ ‘ಸ್ಟಾರ್ ವಾರ್ಸ್’ ಪರವಾನಗಿಯೊಂದಿಗೆ ಎರವಲು ನೌಕೆಗಳ ಯುಗ ಬಂದಿತು; ಜನರು ಸೂಚಿಸಿ, 10,000 ಬೆಂಬಲಿಗರನ್ನು ಪಡೆದ ಮಾದರಿಗಳನ್ನು ಸಂಸ್ಥೆಯೇ ಪರಿಶೀಲಿಸುವ ಯೋಜನೆಯ ಮೂಲಕ 2015ರಲ್ಲಿ ‘ಡಾಕ್ಟರ್ ಹೂ’ ಸರಣಿಯ ‘ಟಾರ್ಡಿಸ್’ ಕೂಡ ಅಂಗಡಿಗೆ ಬಂದಿತು. ಹವ್ಯಾಸಿಗಳ ಕೌಶಲಕ್ಕೆ ಮನ್ನಣೆ ದೊರೆತದ್ದು ಲಾಭ. ಜನಪ್ರಿಯ ಹೆಸರಿಲ್ಲದ ನೌಕೆಗೆ ನೋಡುಗರು ಕಡಿಮೆಯಾದದ್ದು ನಷ್ಟ.

ಒಟ್ಟು ತೀರ್ಮಾನವಿಷ್ಟು: ತಂತ್ರದಲ್ಲಿ ಈ ಪಂಥ ಪ್ರೌಢವಾಗಿದೆ, ಕಲ್ಪನೆಯಲ್ಲಿ ಇನ್ನೂ ಪರಾವಲಂಬಿಯಾಗಿದೆ. ಘಟಕವನ್ನು ಮರೆಮಾಚದೆ, ಮೂಲವನ್ನು ಮರುಚಿಂತಿಸುವ ಕೃತಿಗಳು ಅದರ ಶ್ರೇಷ್ಠ ಸಾಧನೆಗಳು. ಭಾರತದಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿದ್ದು, ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಗಳ ಮಧ್ಯಮ ವರ್ಗದ ಮನೆಗಳಿಗೆ ಸಾವಿರಾರು ಇಟ್ಟಿಗೆಗಳ ನೌಕೆ ದುಬಾರಿಯೇ ಸರಿ. ಆದರೆ ಎಲ್‌ಡ್ರಾ ಉಚಿತವಾಗಿದೆ, ಸಣ್ಣ ಮಾದರಿಗೆ ಕೆಲವೇ ಇಟ್ಟಿಗೆಗಳು ಸಾಕು. ರಾಜಶೇಖರ ಭೂಸನೂರಮಠರಂಥವರಿಂದ ಬೆಳೆದ ಕನ್ನಡ ವೈಜ್ಞಾನಿಕ ಕಥಾಸಾಹಿತ್ಯ ಮಾತಿನಲ್ಲಿ ಬದುಕಿರುವಂಥದ್ದು; ಅದರ ಓದಿನಿಂದ ನೌಕೆ ಕಟ್ಟುವವರಿಗೆ ನಕಲು ಮಾಡಲು ಪರದೆಯ ಚಿತ್ರವೇ ಸಿಗುವುದಿಲ್ಲ. ಕಿರುಗುಡಿಗಳಿಂದ ಮಹಾಶಿಖರ ಕಟ್ಟಿದ ನಾಡಿನ ಎಳೆಯರು ಈ ಹವ್ಯಾಸಕ್ಕೆ ಬಂದರೆ, ಕೆಲಸವನ್ನು ಆ ಓದಿನಿಂದಲೇ ಆರಂಭಿಸಬೇಕು.